ಅಜ್ಜನ ಜಾಮೀನು

ಈ ವರ್ಷ ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ, ಸಾಲ ವಸೂಲಿಯವನೊಬ್ಬ ಹುಬ್ಬಳ್ಳಿಯ ಕಚೇರಿಯಿಂದ ನಮ್ಮ ಅಜ್ಜನಿಗೆ ಫೋನ್ ಮಾಡಿದ. ಅಜ್ಜ ತೀರಿಕೊಂಡದ್ದು ಹಿಂದಿನ ವರ್ಷದ ಕಾರಹುಣ್ಣಿಮೆಯ ಮರುದಿನ. ಫೋನ್ ಎತ್ತಿದವರು ಅಜ್ಜ. ಈ ಮೂರು ವಾಕ್ಯಗಳಲ್ಲಿ ಮೊದಲನೆಯದಕ್ಕೆ ವಸೂಲಿಯವನ ಕಂಪ್ಯೂಟರಿನಲ್ಲಿ ದಾಖಲೆ ಇದೆ. ಎರಡನೆಯದಕ್ಕೆ ಹಳಿಯಾಳದ ಹತ್ತಿರದ ನಮ್ಮ ಹೊಲದಲ್ಲಿ ಸಮಾಧಿ ಇದೆ. ಮೂರನೆಯದಕ್ಕೆ ಮಾತ್ರ ಒಂದೇ ಮೂಲ. ಒಂದೇ ಮೂಲವನ್ನು ನಂಬಿ ಸುದ್ದಿ ಬರೆಯಬಾರದು ಎಂದು ನಮ್ಮ ಸಂಪಾದಕರು ನನಗೆ ಹೇಳಿಕೊಟ್ಟಿದ್ದಾರೆ. ಅವರು ನನ್ನ ಸಂಭಾವನೆಯನ್ನು ಸಕಾಲಕ್ಕೆ ಕಳಿಸಿದ್ದರೆ ಈ ಸುದ್ದಿ ಹುಟ್ಟುತ್ತಲೇ ಇರಲಿಲ್ಲ.

ಸಾಲಗಾರನಾಗುವುದಕ್ಕೆ ಪದವಿ ಬೇಕಿಲ್ಲ, ಆದರೆ ಪದವಿ ಇದ್ದರೆ ಬೇಗ ಆಗಬಹುದು. ಧಾರವಾಡದಲ್ಲಿ ಪತ್ರಿಕೋದ್ಯಮ ಓದಿ ಮುಗಿಸಿ, ದಾಂಡೇಲಿಯಲ್ಲಿ ಜಿಲ್ಲಾ ಪತ್ರಿಕೆಯೊಂದಕ್ಕೆ ಬಿಡಿ ವರದಿಗಾರನಾದೆ. ಬಿಡಿ ವರದಿಗಾರ ಎಂದರೆ ಸುದ್ದಿ ಅಚ್ಚಾದರೆ ದುಡ್ಡು, ಇಲ್ಲವಾದರೆ ಅನುಭವ. ಫೋಟೋ ಇದ್ದರೆ ಸ್ವಲ್ಪ ಹೆಚ್ಚು ಕೊಡುತ್ತಾರೆಂದು ಕ್ಯಾಮೆರಾ ಬೇಕಾಯಿತು. ಕಾಳಿ ನದಿಯ ಮೊಸಳೆ ಹತ್ತಿರದಿಂದ ಫೋಟೋಕ್ಕೆ ಒಪ್ಪದ ಕಾರಣ ದೂರ ನೋಡುವ ಲೆನ್ಸ್ ಬೇಕಾಯಿತು. ಇವೆರಡನ್ನೂ ಹೊತ್ತು ಓಡಾಡಲು ಒಂದು ಹಳೆಯ ಬೈಕು. ಬ್ಯಾಂಕಿನವರು ನನ್ನ ಆದಾಯದ ಚೀಟಿ ಕೇಳಿ, ನೋಡಿ, ಮಡಚಿ ಮರಳಿ ಕೊಟ್ಟರು. ಮೊಬೈಲಿನ ಸಾಲದ ಆ್ಯಪ್ ಅಷ್ಟೆಲ್ಲ ಕೇಳಲಿಲ್ಲ. ಚಹಾ ಆರುವುದರೊಳಗೆ ದುಡ್ಡು ಹಾಕಿತು. ನಡುವೆ ಒಮ್ಮೆ ಮಾತ್ರ, ನಿಮ್ಮ ಫೋನಿನಲ್ಲಿರುವ ಹೆಸರುಗಳನ್ನು ನೋಡಬಹುದೇ ಎಂದು ಕೇಳಿತು. ಹೊಸ ನೆಂಟರು ಜಗುಲಿಯ ಮೇಲಿನ ಫೋಟೋಗಳನ್ನು ನೋಡಬಹುದೇ ಎಂದು ಕೇಳಿದಂತೆ ತೋರಿ, ಧಾರಾಳವಾಗಿ ಹೂಂ ಅಂದೆ.

ಎರಡು ಕಂತು ತಪ್ಪಿದವು. ಆಗ ಪರಿಚಯವಾದವನು ಶಿವಾನಂದ. ಅವನೂ ನನ್ನ ವಾರಿಗೆಯವನೇ, ಗದಗಿನ ಕಡೆಯವನು, ಬಿ.ಕಾಂ. ಮುಗಿಸಿ ಬೇರೆ ಕೆಲಸ ಸಿಗದೆ ವಸೂಲಿಗೆ ಸೇರಿದವನು. ಬೈಯಲು ಅವನಿಗೆ ಬರುತ್ತಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ಮೊದಲು ನನಗೆ ಫೋನ್ ಮಾಡಿದವನು ಬಹಳ ಮರ್ಯಾದೆಯಿಂದ ಹೇಳಿದ: “ಸರ್, ಇವತ್ತಿಂದ ನಿಮ್ಮ ಫೋನಿನ್ಯಾಗಿನ ಮಂದಿಗೆ ಫೋನ್ ಹಚ್ಚೂದು ಚಾಲೂ ಆಗ್ತೈತ್ರಿ. ನನ್ನ ಕೈಯಾಗ ಏನೂ ಇಲ್ಲ. ಕಂಪ್ಯೂಟರ್ ತಾನ ಮೊದಲನೇ ಹೆಸರಿಂದ ಹಚ್ಚಕೋಂತ ಹೋಗ್ತೈತಿ.”

ನನ್ನ ಫೋನಿನಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿವೆ. ಮೊದಲನೆಯದು ಅಜ್ಜ, ತೀರಿಕೊಂಡ ಮೇಲೂ ಅಳಿಸಲು ಮನಸ್ಸು ಬಂದಿರಲಿಲ್ಲ. ಅಪ್ಪ, ಅವ್ವ, ಅಕ್ಕ ‘ಮನೆ’ ಎಂಬ ಹೆಸರಿನಲ್ಲಿರುವುದರಿಂದ ಎರಡನೆಯದು ಸನವಳ್ಳಿಯ ‘ಬೀಗರು’. ಅಕ್ಕ ಗೌರಿಯನ್ನು ಅವರ ಮಗನಿಗೆ ಕೊಡುವ ಮಾತಾಗಿತ್ತು. ದಸರೆ ಮುಗಿದ ಮೇಲೆ ನಿಶ್ಚಯ. ಬೀಗರು ಹತ್ತಿ ವ್ಯಾಪಾರದವರು. ಹೆಣ್ಣು ನೋಡಲು ಬಂದ ದಿನ ಅಕ್ಕನನ್ನು ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆ ಅಪ್ಪನನ್ನು ಕೇಳಿದ್ದರು. “ಮನ್ಯಾಗ ಕೈಗಡ, ಸಾಲ ಏನರ ಐತೇನ್ರಿ? ಸಾಲದ ಮನಿ ಕೂಡ ನಾವು ಬೀಗತನ ಮಾಡಂಗಿಲ್ಲ. ಮೊದಲ ಹೇಳಿಬಿಡ್ರಿ.” ಅಪ್ಪ ಎದೆಯುಬ್ಬಿಸಿ, “ಒಂದ ರೂಪಾಯಿ ಇಲ್ರಿ” ಅಂದರು. ಎಲ್ಲರೂ ಅಪ್ಪನನ್ನು ನೋಡುತ್ತಿದ್ದಾಗ ನಾನು ತಟ್ಟೆಯಲ್ಲಿದ್ದ ಚೂಡಾದಿಂದ ಶೇಂಗಾ ಆರಿಸುತ್ತಿದ್ದೆ. ಈಗ ಕಂಪ್ಯೂಟರಿಗೂ ಅಕ್ಕನ ಮದುವೆಗೂ ನಡುವೆ ಉಳಿದದ್ದು ತೀರಿಕೊಂಡ ಅಜ್ಜನ ಒಂದು ನಂಬರು.

ಮಧ್ಯಾಹ್ನದ ಊಟದ ಹೊತ್ತಿಗೆ ಶಿವಾನಂದ ಮತ್ತೆ ಫೋನ್ ಮಾಡಿದ. ದನಿ ಬದಲಾಗಿತ್ತು.

“ಸರ್, ನಿಮ್ಮ ಅಜ್ಜಾರ ಕೂಡ ಮಾತಾತ್ರಿ. ಇನ್ನ ಯಾರಿಗೂ ಹಚ್ಚೂದಿಲ್ಲ.”

“ಯಾವ ಅಜ್ಜ?” ಎಂದೆ.

“ನಿಮಗೆಷ್ಟ ಮಂದಿ ಅದಾರ್ರಿ? ಹಳಿಯಾಳ ಸಂತ್ಯಾಗ ದನದ ದಲಾಲಿ ಮಾಡ್ತಿದ್ದೆ ಅಂದ್ರು. ಹುಡುಗಗ ಬೈಬ್ಯಾಡ, ನಾ ಜಾಮೀನ ಅದೇನಿ ಅಂದ್ರು. ಆಮ್ಯಾಲೆ...” ದನಿ ತಗ್ಗಿಸಿದ. “ಸರ್, ಒಂದ ಮಾತ ಕೇಳ್ತೇನಿ, ನಗಬ್ಯಾಡ್ರಿ. ಅವರು ‘ಕೈ ಕೊಡು ಇಲ್ಲೆ’ ಅಂದ್ರು. ಫೋನಿನ್ಯಾಗ ಕೈ ಹೆಂಗ ಕೊಡೂದು ಅಂದೆ. ಅಂದದ್ದ ತಡ, ನನ್ನ ಬಲಗೈ ತಣ್ಣಗ ಆತ್ರಿ. ಅಂಗೈಯಾಗ ಯಾರೋ ಮೂರು ಬೆರಳ ಹಿಡದು ಒತ್ತಿದಂಗ. ‘ಆತ, ಮುಗೀತು’ ಅಂದ್ರು. ಏನರಿ ಅದು?”

ಅದೇನೆಂದು ನಮ್ಮ ಕಡೆಯ ಸಂತೆ ನೋಡಿದವರಿಗೆ ಗೊತ್ತು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲಿ ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹಾಕಿ, ಅದರಡಿಯಲ್ಲಿ ಎದುರಿನವನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳಿನಲ್ಲೇ ಏರಿಸುವುದು, ಇಳಿಸುವುದು, ಮುಗಿಸುವುದು. ಸುತ್ತ ನಿಂತವರಿಗೆ ಟವೆಲು ಅಲುಗುವುದಷ್ಟೇ ಕಾಣುತ್ತದೆ. ಅಜ್ಜ ಬದುಕಿನುದ್ದಕ್ಕೂ ಮಾಡಿದ್ದು ಇದನ್ನೇ. ಎತ್ತು ಕೊಳ್ಳುವವನ ಹತ್ತಿರ ದುಡ್ಡು ಸಾಲದಿದ್ದರೆ ಅಜ್ಜ ಜಾಮೀನು ನಿಲ್ಲುತ್ತಿದ್ದರು. ಉಳಿದದ್ದನ್ನು ಅಮವಾಸ್ಯೆಗೊಂದು ಕಂತಿನಂತೆ ಕೊಡಬೇಕು. ಯಾರಾದರೂ ತಪ್ಪಿಸಿದರೆ ಅಜ್ಜ ಜಗಳಕ್ಕೆ ಹೋಗುತ್ತಿರಲಿಲ್ಲ. ಅವನ ಮನೆಯ ಕಟ್ಟೆಯ ಮೇಲೆ ಹೋಗಿ ಸುಮ್ಮನೆ ಕೂರುತ್ತಿದ್ದರು. ಆ ಸುಮ್ಮನಿರುವುದನ್ನು ಒಪ್ಪತ್ತಿಗಿಂತ ಹೆಚ್ಚು ತಡೆದುಕೊಂಡವರಿಲ್ಲ.

“ಮೂರು ಬೆರಳಂದ್ರ ಮೂರು ಕಂತು” ಎಂದೆ.

“ಅದನ್ನ ತಿಳ್ಕೊಂಡೆ. ದಂಡದ ಬಡ್ಡಿನೂ ಬಿಡಿಸಿದ್ರು, ಹೆಂಗ ಬಿಟ್ಟೆ ಅಂತ ನನಗ ಗೊತ್ತಿಲ್ಲ. ಅಮವಾಸಿಗೊಂದು ಅಂದ್ರು. ನಮ್ಮ ಕಂಪ್ಯೂಟರ್ ಅಮವಾಸಿ ತಗೊಳ್ಳೂದಿಲ್ಲ ನೋಡ್ರಿ, ಕ್ಯಾಲೆಂಡರ್ ನೋಡಿ ತಾರೀಖ ಹಾಕೇನಿ.”

ನಾನು ಶಿಸ್ತಿನ ಮನುಷ್ಯ. ಹೆದರುವುದಕ್ಕಿಂತ ಮೊದಲು ಪರಿಶೀಲಿಸಬೇಕು. ಅವನು ಹಚ್ಚಿದ ನಂಬರನ್ನು ಓದಿಸಿದೆ; ಅಜ್ಜನದೇ. ನಾನು ಹಚ್ಚಿದೆ, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಹೆಣ್ಣುಮಗಳೊಬ್ಬಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು. ನಂಬರು ಬೇರೆ ಯಾರಿಗಾದರೂ ಹೋಗಿರಬಹುದು ಎಂದುಕೊಂಡು ಊರಿಗೆ ಹೋದೆ. ಅಜ್ಜ ಹೋದಾಗ ನಾನು ಧಾರವಾಡದಲ್ಲಿ ಪರೀಕ್ಷೆಗೆ ಕೂತಿದ್ದೆ. ಬರುವಷ್ಟರಲ್ಲಿ ಮಣ್ಣು ಮುಚ್ಚಿತ್ತು. ಹಾಗಾಗಿ ಅವ್ವನನ್ನು ಕೇಳಿದೆ: “ಅಜ್ಜನ ಫೋನ್ ಎಲ್ಲೈತಿ?”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಎಲ್ಲಿರ್ತೈತಿ? ಅವರ ಕೂಡನ ಐತಿ.”

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ, ಬಿಲ್ವಪತ್ರೆಗಳ ನಡುವೆ ಕೂರಿಸಿ, ಸ್ವಂತ ಹೊಲವಿದ್ದರೆ ಅಲ್ಲೇ ಹೂಳುತ್ತೇವೆ. ಅಜ್ಜನಿಗೆ ಹೊಸ ಅಂಗಿ ತೊಡಿಸಿದಾಗ ಸದಾ ಫೋನ್ ಇರುತ್ತಿದ್ದ ಎದೆಯ ಕಿಸೆ ಬರಿದಾಗಿರುವುದನ್ನು ನೋಡಿ ಅಜ್ಜಿ ಒಂದೇ ಸಮನೆ ಅತ್ತಳಂತೆ. ಕಾಕಾ ಆ ಗುಂಡಿ ಒತ್ತುವ ಹಳೆಯ ಫೋನನ್ನು, ಮಳೆಗಾಲ ಬಂತೆಂದು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಕಿಸೆಯಲ್ಲಿ ಇಟ್ಟನಂತೆ. ಅದೇ ವಾರ ವರ್ಷದ ರಿಚಾರ್ಜ್ ಮಾಡಿಸಿದ್ದು ಆಮೇಲೆ ನೆನಪಾಗಿ, ಹದಿಮೂರು ದಿನವೂ ಕಾಕಾ ಅದನ್ನೇ ಹೇಳಿಕೊಂಡು ಅತ್ತನಂತೆ.

“ವರ್ಷ ಆತಲ್ಲವ್ವ. ರಿಚಾರ್ಜ್ ಮುಗದಿರಬೇಕು.”

“ಬರೂ ಫೋನಿಗೆ ರೊಕ್ಕ ಯಾಕ ಬೇಕೋ?” ಎಂದಳು ಅವ್ವ. ಆಮೇಲೆ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಮುಖ ನೋಡಿದಳು. “ಯಾಕ, ಏನಾತು?”

ಸುಮ್ಮನೆ ಕೇಳಿದೆ ಎಂದು ಹೇಳಿ ಹೊರಗೆ ಬಂದೆ.

ಶಿವಾನಂದನ ಕಚೇರಿಯಲ್ಲಿ ಎಲ್ಲ ಮಾತೂ ರೆಕಾರ್ಡ್ ಆಗುತ್ತದೆ. ನೀರಿನ ಟಾಕಿ ಹತ್ತಿ ಅವನಿಗೆ ಫೋನ್ ಮಾಡಿ, ಕೇಳಿಸು ಎಂದು ಗಂಟುಬಿದ್ದೆ. ಮೇಲಿನವರು ಚಹಾಕ್ಕೆ ಹೋದಾಗ ಅವನು ಅದನ್ನು ಹಚ್ಚಿ ತನ್ನ ಫೋನನ್ನು ಹತ್ತಿರ ಹಿಡಿದ. ಅವನ ದನಿ ಸ್ಪಷ್ಟವಾಗಿತ್ತು. ‘ಹಲೋ’ ಎನ್ನುತ್ತಾನೆ. ‘ಹೌದ್ರಿ ಅಜ್ಜಾರ’ ಎನ್ನುತ್ತಾನೆ. ‘ಅಷ್ಟ ಬಿಡಾಕ ಬರೂದಿಲ್ರಿ’ ಎನ್ನುತ್ತಾನೆ. ನಡುನಡುವೆ, ನಿಧಾನದ ಮನುಷ್ಯನೊಬ್ಬ ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು, ಮಳೆಯ ಸದ್ದು. ಹೆಂಚಿನ ಮೇಲೆ ಬಿದ್ದ ಮಳೆಯಲ್ಲ, ಎಲೆಯ ಮೇಲಿನದೂ ಅಲ್ಲ. ದಪ್ಪಗೆ, ಮಂದವಾಗಿ, ತಲೆಯ ಮೇಲಿನಿಂದ ಬರುತ್ತಿತ್ತು. ಆ ಸಂಜೆ ನಾನು ಅಜ್ಜನ ಸಮಾಧಿಯ ಹತ್ತಿರ ಹೋಗಿ ನಿಂತೆ. ಸುತ್ತ ಗೋವಿನಜೋಳ ಎದೆಯೆತ್ತರಕ್ಕೆ ಬೆಳೆದಿತ್ತು. ಜಿಟಿಜಿಟಿ ಮಳೆ ಮಣ್ಣಿನ ಮೇಲೆ ಬೀಳುತ್ತಿತ್ತು. ಸದ್ದು ಅದೇ. ನಾನು ಕೇಳುತ್ತಿದ್ದದ್ದು ಮೇಲಿನಿಂದ ಎನ್ನುವುದೊಂದೇ ವ್ಯತ್ಯಾಸ. ಇನ್ನೊಂದು ಸಂಗತಿಯನ್ನೂ ದಾಖಲಿಸಬೇಕು. ನಮ್ಮ ಊರಿನಲ್ಲಿ ನೆಟ್‌ವರ್ಕ್ ಬೇಕಾದರೆ ನೀರಿನ ಟಾಕಿ ಹತ್ತಬೇಕು. ಸಮಾಧಿಯ ಹತ್ತಿರ ನನ್ನ ಫೋನಿನಲ್ಲಿ ಎಲ್ಲ ಗೆರೆಗಳೂ ತುಂಬಿದ್ದವು.

ಬದುಕಿರುವವರ ಸಾಲವನ್ನು ಮುಂದೂಡಲು ನೂರು ದಾರಿಗಳಿವೆ. ಫೋನ್ ಎತ್ತದಿರಬಹುದು, ಮೀಟಿಂಗಿನಲ್ಲಿದ್ದೇನೆ ಎನ್ನಬಹುದು, ಜೊಯಿಡಾದ ಕಾಡಿನಲ್ಲಿದ್ದೇನೆ, ದನಿ ಕಡಿಯುತ್ತಿದೆ ಎನ್ನಬಹುದು. ಸತ್ತವರು ಜಾಮೀನು ನಿಂತ ಸಾಲಕ್ಕೆ ಇವು ಯಾವುವೂ ನಡೆಯುವುದಿಲ್ಲ. ಶ್ರಾವಣದ ಅಮವಾಸ್ಯೆಗೆ ಮೊದಲ ಕಂತು ಕಟ್ಟಿದೆ. ಅದಕ್ಕಾಗಿ ರಿವರ್ ರಾಫ್ಟಿಂಗಿಗೆ ಬಂದವರ ಫೋಟೋ ತೆಗೆದೆ. ಬೋಟು ಮಗುಚುವಾಗ ಅವರು ಕಿರುಚುವ ಫೋಟೋ ಚೆನ್ನಾಗಿ ಬರುತ್ತದೆ. ದುಡ್ಡು ಕೇಳಿದಾಗ ಅದೇ ಮುಖ ಮತ್ತೊಮ್ಮೆ ಮಾಡುತ್ತಾರೆ. ರೆಸಾರ್ಟೊಂದಕ್ಕೆ ಜಾಹೀರಾತು ಬರೆದುಕೊಟ್ಟೆ. ಕಾಡಿನ ನಿಶ್ಶಬ್ದ ಎಂದು ನಾನು ಬರೆದದ್ದನ್ನು ಅವರು ಧ್ವನಿವರ್ಧಕದಲ್ಲಿ ಓದಿಸಿದರು.

ಎರಡನೇ ಕಂತಿಗೆ ದುಡ್ಡು ಕೂಡಲಿಲ್ಲ. ಅದು ಮಹಾಲಯ ಅಮವಾಸ್ಯೆ. ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿಯುವ ದಿನ. ನಾಳೆ ಕಟ್ಟಿದರಾಯಿತು ಎಂದುಕೊಂಡು ಊಟಕ್ಕೆ ಕೂತೆ. ಅವ್ವ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಹೋಳಿಗೆ ಮುರಿಯಲು ಹೋದೆ; ಬಲಗೈಯ ತೋರುಬೆರಳು ಮಡಚಲಿಲ್ಲ. ಯಾರೋ ಹಿಡಿದುಕೊಂಡಿದ್ದರು. ಒತ್ತಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು. ಅಂಗೈಯ ಮೇಲೆ ಒದ್ದೆ ಟವೆಲಿನಂಥ ತಂಪು ಹರಡಿತ್ತು.

“ಯಾಕೋ, ಉಣ್ಣು” ಎಂದಳು ಅವ್ವ.

“ಒಂದ ಕೆಲಸ ಐತಿ, ಬಂದೆ” ಎಂದು ಎದ್ದೆ. ಆ ಬೆರಳನ್ನು ನೆಟ್ಟಗೆ ಚಾಚಿಕೊಂಡೇ ಬೈಕು ಹೊಡೆದುಕೊಂಡು ಹಳಿಯಾಳಕ್ಕೆ ಹೋಗಿ, ಮದುವೆ ಫೋಟೋ ತೆಗೆಯುವ ಸ್ಟುಡಿಯೋದವನಿಗೆ ಲೆನ್ಸ್ ಮಾರಿದೆ. ಅವನು ಅದನ್ನು ತಿರುಗಿಸಿ ನೋಡಿ, “ಹಬ್ಬದ ದಿನ ಎಂಥಾ ಅರ್ಜೆಂಟ್ ಅಣ್ಣಾ, ಯಾರರ ಮನೀ ಮುಂದ ಬಂದು ಕುಂತಾರೇನು?” ಎಂದ. ನಾನು ಎಡಗೈ ಚಾಚಿ ದುಡ್ಡು ತೆಗೆದುಕೊಂಡೆ. ಕಂತು ಕಟ್ಟಿದ ಮೇಲೆ ಬೆರಳು ಮಡಚಿತು. ಮನೆಗೆ ಬಂದು ತಣ್ಣಗಾದ ಹೋಳಿಗೆ ತಿಂದೆ. ಎಡೆಯಲ್ಲಿ ಅಜ್ಜನಿಗೆಂದು ಇಟ್ಟ ಎಲೆಯಡಿಕೆ ಕಾಣಲಿಲ್ಲ. ಕಾಕಾ ತಿಂದಿರಬಹುದು. ಕೇಳಿದೆ, ತಾನಲ್ಲ ಎಂದ. ಆದರೆ ಎಲೆಯಡಿಕೆಯ ವಿಷಯದಲ್ಲಿ ಕಾಕಾನ ಮಾತನ್ನು ನಾನು ಮೂಲವೆಂದು ಪರಿಗಣಿಸುವುದಿಲ್ಲ.

ದಸರೆಯ ನಂತರ ನಿಶ್ಚಯ ನಡೆಯಿತು. ಬೀಗರು ಎಲೆಯಡಿಕೆ ಹಿಡಿದುಕೊಂಡು ಅಪ್ಪನಿಗೆ, “ನಿಮ್ಮ ಮನೀ ಬಗ್ಗೆ ಸಂತ್ಯಾಗ ವಿಚಾರಿಸಿದ್ವಿ. ಅಜ್ಜಾರ ಹೆಸರು ಇನ್ನೂ ನಡೀತೈತ್ರಿ” ಎಂದರು. ಅಪ್ಪ ಕೈಮುಗಿದರು. ಅವ್ವ ನನ್ನ ಬಲಗೈಯನ್ನು ನೋಡುತ್ತಿದ್ದಳು.

ದೀಪಾವಳಿ ಅಮವಾಸ್ಯೆಯ ಬೆಳಿಗ್ಗೆ ಬೈಕು ಮಾರಿ ಮೂರನೇ ಕಂತು ಕಟ್ಟಿದೆ. ಸಾಲ ತೀರಿದೆ ಎಂಬ ಸಂದೇಶ ಬಂತು. ಹಿಂದೆಯೇ ಶಿವಾನಂದನ ಫೋನ್.

“ಅಜ್ಜಾರಿಗೆ ತಿಳಿಸೇನ್ರಿ ಸರ್.”

“ಏನಂದ್ರು?”

“ಇಷ್ಟ ದಿನ ಯಾಕ ಬೇಕಾತು ಅಂದ್ರು. ನಿಮಗ ಸೈಕಲ್ ಸಾಕಿತ್ತು ಅಂದ್ರು.”

ಈಗ ನಾನು ಸುದ್ದಿಗೆ ಬಸ್ಸಿನಲ್ಲಿ ಹೋಗುತ್ತೇನೆ. ದೂರ ನೋಡುವ ಲೆನ್ಸ್ ಇಲ್ಲದ ಕ್ಯಾಮೆರಾದಲ್ಲಿ ಮೊಸಳೆಗಳು ಕಟ್ಟಿಗೆಯ ತುಂಡುಗಳಂತೆ ಬರುತ್ತವೆ. ಸಂಪಾದಕರು ಅವನ್ನು ಅಚ್ಚು ಹಾಕುವುದಿಲ್ಲ. ಅಕ್ಕನ ಮದುವೆ ಮುಂದಿನ ತಿಂಗಳು.

ಶಿವಾನಂದ ವಸೂಲಿ ಕೆಲಸ ಬಿಟ್ಟಿದ್ದಾನೆ. ಗದಗಿನಲ್ಲಿ ಜೆರಾಕ್ಸ್ ಅಂಗಡಿ ಇಡಲು ಪತ್ತಿನ ಸಂಘವೊಂದರಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದ. ಇಬ್ಬರು ಜಾಮೀನುದಾರರ ಹೆಸರು, ಫೋನ್ ನಂಬರು ಕೇಳಿದ್ದರಿಂದ ನನ್ನದನ್ನೂ ಅಜ್ಜನದನ್ನೂ ಕೊಟ್ಟಿದ್ದನಂತೆ. ಸಂಘದವರು ಇಬ್ಬರಿಗೂ ಫೋನ್ ಮಾಡಿ ವಿಚಾರಿಸಿದ್ದಾರೆ. ಕಳೆದ ಶುಕ್ರವಾರ ತೀರ್ಮಾನ ತಿಳಿಸಿದ್ದಾರೆ. ನನ್ನ ಹೆಸರನ್ನು ಕೈಬಿಡಲಾಗಿದೆ. ಸಾಲ ಮಂಜೂರಾಗಿದೆ.