ಮಾವ ಸರಿಯುತ್ತರ ಕೊಟ್ಟ ದಿನ

ನಮ್ಮ ಮಾವ, ಅಂದರೆ ನನ್ನ ತಾಯಿಯ ಅಣ್ಣ, ಇಡೀ ಆಯುಷ್ಯದಲ್ಲಿ ಒಂದೇ ಒಂದು ದಿನ ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದಾರೆ. ಆ ದಿನ ಡಾಕ್ಟರು ಊಟ ಬಿಟ್ಟು ಓಡಿ ಬರಬೇಕಾಯಿತು! ಇದು ಉತ್ಪ್ರೇಕ್ಷೆ ಅನಿಸಿದರೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಮಾವ ಅಲ್ಲಿ ಬಸ್ ಏಜೆಂಟ್ ಆಗಿದ್ದವರು. ಬಸ್ಸಿನ ವಿಷಯ ಹೇಳುವುದೇ ಅವರ ಕೆಲಸ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದರು.

"ಶೃಂಗೇರಿ ಬಸ್ ಎಷ್ಟೊತ್ತಿಗೆ ಬರ್ತದೆ?" ಎಂದು ಯಾರಾದರೂ ಕೇಳಬೇಕು, "ನೀವು ಕಾಫಿ ಕುಡಿಯಕ್ಕೆ ಹೋದ ತಕ್ಷಣ ಬರ್ತದೆ" ಅನ್ನುವರು. "ಇದು ಎನ್.ಆರ್.ಪುರಕ್ಕೆ ಹೋಗ್ತದಾ?" ಅಂದರೆ, "ಡ್ರೈವರ್ ಮನಸ್ಸು ಮಾಡಿದ್ರೆ ಹೋಗ್ತದೆ." ಮನೆಯಲ್ಲಾದರೂ ನೆಟ್ಟಗಿದ್ದರೇ? ಅತ್ತೆ ಪಾಪ, "ಸಾರಿಗೆ ಉಪ್ಪು ಸರಿ ಉಂಟಾ?" ಎಂದರೆ, "ಉಪ್ಪಿಗೆ ಸಾರು ಸರಿಯಾಗಿ ಬಿದ್ದಿದೆ" ಅನ್ನುವರು. ಅದು ಹೊಗಳಿಕೆಯೋ ಬೈಗುಳವೋ ಅತ್ತೆಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥ ಮನುಷ್ಯನಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸೋತವು. ಬಾಯಿಗೆ ಮಾತ್ರ ಏನೂ ಆಗಲಿಲ್ಲ! "ದೇವರು ಹಿಡಿಯೋ ಜಾಗ ಬಿಟ್ಟು ಬೇರೆಲ್ಲೋ ಹಿಡಿದ" ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ಬೈದರು. ಕೊಪ್ಪದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡಾಕ್ಟರು ನನ್ನನ್ನು ಬದಿಗೆ ಕರೆದು, "ಇನ್ನು ಕೆಲವು ದಿನ ಎಚ್ಚರಿಕೆ ಬೇಕು. ಮಿದುಳಿಗೆ ಬಾವು ಬಂದರೆ ಮೊದಲು ಬುದ್ಧಿ ಮಸುಕಾಗುತ್ತದೆ. ಮಾತು ಎಡವಟ್ಟಾದರೆ ತಕ್ಷಣ ಶಿವಮೊಗ್ಗಕ್ಕೆ ಸಾಗಿಸಬೇಕು. ಅದಕ್ಕೇ ಸಿಸ್ಟರ್ ಆಗಾಗ ಬಂದು ಪ್ರಶ್ನೆ ಕೇಳುತ್ತಾರೆ" ಅಂದರು. ಅಂದರೆ ಮಾವನ ಪ್ರಾಣ ಮಾವನ ಉತ್ತರದ ಮೇಲೆ ನಿಂತಿತ್ತು. ಇದಕ್ಕಿಂತ ಅಪಾಯದ ಜಾಗ ಬೇರೆ ಉಂಟೇ?

ಸಿಸ್ಟರ್ ಕಡಹಿನಬೈಲು ಕಡೆಯ ಹುಡುಗಿ. ಶಾಂತ ಸ್ವಭಾವ. ಬಂದವಳೇ, "ಅಜ್ಜಾ, ನಿಮ್ಮ ಹೆಸರೇನು?" ಎಂದು ಕೇಳಿದಳು.

"ಹೆಸರು ಗೊತ್ತಿಲ್ದೇ ಅಡ್ಮಿಟ್ ಮಾಡ್ಕಂಡ್ಯಾ ಮಾರಾಯ್ತಿ?"

"ಇವತ್ತು ಯಾವ ವಾರ?"

"ನಾಳೆ ಯಾವ ವಾರ ಹೇಳು, ಅದರ ಹಿಂದಿಂದು ನಾನು ಹೇಳ್ತೀನಿ."

"ಇದು ಯಾವ ಊರು?"

"ನೀನು ಬೆಳಿಗ್ಗೆ ಯಾವ ಊರಿಗೆ ಟಿಕೆಟ್ ತಗಂಡೆ? ಅದೇ ಇರ್ಬೇಕು."

ಸಿಸ್ಟರ್ ಕೊನೆಗೆ ಅತ್ತೆಯನ್ನು ತೋರಿಸಿ, "ಇವರು ಯಾರು?" ಅಂದಳು. ಮಾವ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲೋ ನೋಡಿದ ಹಾಗುಂಟು. ಬಸರೀಕಟ್ಟೆಯವರಾ?" ಎಂದರು. ಸಿಸ್ಟರ್ ಗಾಬರಿಯಾಗಿ ಡಾಕ್ಟರನ್ನು ಕರೆಯಲು ಹೊರಟೇಬಿಟ್ಟಳು. ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿ, "ಹೆದರಬೇಡ ಮಾರಾಯ್ತಿ, ಮದುವೆಯಾದಾಗಿಂದ ಇವರು ಹೀಗೇ" ಅಂದರು. ಅಂದಿನಿಂದ ಆ ವಾರ್ಡಿನಲ್ಲಿ ಹೊಸ ಪದ್ಧತಿ ಶುರುವಾಯಿತು. ಮಾವ ಉತ್ತರ ಕೊಡುವುದು, ಸಿಸ್ಟರ್ ಅತ್ತೆಯ ಮುಖ ನೋಡುವುದು, ಅತ್ತೆ "ಸರಿಯಾಗೇ ಇದಾರೆ" ಎಂದು ತಲೆಯಾಡಿಸುವುದು!

ಟಾರ್ಚ್ ಹಿಡಿದು ಕಣ್ಣು ನೋಡಿದರೆ, "ನಮ್ಮನೆ ಎಮ್ಮೆ ತಪ್ಪಿಸ್ಕಂಡಿದೆ, ಒಳಗೆಲ್ಲಾದ್ರೂ ಕಂಡ್ರೆ ಹೇಳು" ಎನ್ನುವರು. "ನನ್ನ ಕೈ ಗಟ್ಟಿಯಾಗಿ ಹಿಡೀರಿ" ಅಂದರೆ ಬಲಗೈಯಲ್ಲಿ ಹಿಡಿದು ಬಿಡುತ್ತಲೇ ಇರಲಿಲ್ಲ. "ಬಿಡಿ ಅಂತ ನೀ ಹೇಳ್ಲಿಲ್ಲಲ್ಲ?"

ಬೀಡಿ ಸೇದಿ ಮೊದಲೇ ಹಾಳಾದ ಶ್ವಾಸಕೋಶ. ಮಲಗಿದಲ್ಲೇ ಇದ್ದರೆ ಕಫ ಕಟ್ಟುತ್ತದೆಂದು ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಕೊಳವೆಗೆ ಬಾಯಿಟ್ಟು ಉಸಿರು ಎಳೆದರೆ ಚೆಂಡು ಮೇಲೇಳಬೇಕು. ಮಾವ ಆ ಮೂರಕ್ಕೂ ನಾಮಕರಣ ಮಾಡಿದರು: ಕೊಪ್ಪ, ಶೃಂಗೇರಿ, ಎನ್.ಆರ್.ಪುರ! ಕೊಪ್ಪ ಸುಲಭವಾಗಿ ಹೊರಟಿತು. ಶೃಂಗೇರಿ ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಎನ್.ಆರ್.ಪುರ ಸ್ಟ್ಯಾಂಡ್ ಬಿಟ್ಟು ಕದಲಲಿಲ್ಲ. "ಅದಕ್ಕೆ ಡೀಸೆಲ್ಲೇ ಇಲ್ಲ ಸಿಸ್ಟರ್, ನಾಳೆ ಬನ್ನಿ." ಪಕ್ಕದ ಹಾಸಿಗೆಯ ದಮ್ಮಿನ ರೋಗಿ ನಕ್ಕು ನಕ್ಕು ಕೆಮ್ಮಿ, ಅವರಿಗೆ ನೆಬ್ಯುಲೈಸರ್ ಹಾಕಬೇಕಾಯಿತು.

ಸ್ಟ್ರೋಕ್ ಆದವರಿಗೆ ನುಂಗುವುದು ಕಷ್ಟ. ಹಾಗಾಗಿ ಮಾವನಿಗೆ ದಪ್ಪ ಗಂಜಿ ಮಾತ್ರ, ಅದೂ ನೆಟ್ಟಗೆ ಕೂರಿಸಿ, ಚಮಚದಲ್ಲಿ. ಕಾಫಿ ಬಂದ್! ಮಲೆನಾಡಿನವರಿಗೆ ಕಾಫಿ ಬಂದ್ ಮಾಡಿದರೆ ಸುಮ್ಮನಿರುತ್ತಾರೆಯೇ? ಕಮ್ಮರಡಿಯಿಂದ ನೋಡಲು ಬಂದ ಹಳೇ ಗೆಳೆಯರೊಬ್ಬರಿಗೆ ಮಾವ, "ಡಾಕ್ಟರೇ ಕುಡಿಯಕ್ಕೆ ಹೇಳಿದಾರೆ" ಎಂದು ಫ್ಲಾಸ್ಕ್ ತೆಗೆಸಿ, ಮಲಗಿದಲ್ಲೇ ಲೋಟ ಎತ್ತಿದರು. ಅತ್ತೆ ಔಷಧಿ ತರಲು ಹೋಗಿದ್ದರು. ಕಾಫಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯಿತು. ಮಾವ ಕೆಮ್ಮಿದರು, ಸುಧಾರಿಸಿಕೊಂಡರು, ಯಾರಿಗೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಸಿಸ್ಟರ್ ಬಂದು ಎಂದಿನಂತೆ ಹೆಸರು ಕೇಳಿದಳು. ಮಾವ ಹೆಸರು ಹೇಳಿದರು. ವಾರ ಕೇಳಿದಳು. "ಗುರುವಾರ." ಊರು? "ಕೊಪ್ಪ." ಇವರು ಯಾರು?

"ನನ್ನ ಹೆಂಡತಿ."

"ಅಬ್ಬಾ, ಅಜ್ಜ ಇವತ್ತು ಪಾಸು!" ಎಂದು ಸಿಸ್ಟರ್ ಖುಷಿಯಿಂದ ತಿರುಗಿದರೆ, ಅತ್ತೆಯ ಕೈಯಲ್ಲಿದ್ದ ಗಂಜಿಯ ಬಟ್ಟಲು ನೆಲಕ್ಕೆ ಬಿದ್ದಿತ್ತು. "ಡಾಕ್ಟರನ್ನ ಕರೀರಿ! ಇವರಿಗೆ ಏನೋ ಆಗಿದೆ!"

"ಎಲ್ಲಾ ಸರಿ ಹೇಳಿದ್ರಲ್ಲ ಅಮ್ಮಾ?"

"ಅದೇ ಮಾರಾಯ್ತಿ! ಸರಿ ಹೇಳೋ ಮನುಷ್ಯನಾ ಇವರು?"

ನಾನಾಗಿದ್ದರೆ ನಕ್ಕುಬಿಡುತ್ತಿದ್ದೆ. ಸಿಸ್ಟರ್ ನಗಲಿಲ್ಲ. ಆ ಹುಡುಗಿಗೆ ಕೈಮುಗಿಯಬೇಕು. ಒಂದು ಕ್ಷಣ ಅತ್ತೆಯ ಮುಖ ನೋಡಿದಳು, ಮಾವನ ಹೊದಿಕೆ ಸರಿಸಿ ಎದೆ ಏರಿಳಿಯುವುದನ್ನು ನೋಡಿದಳು, ಬೆರಳಿಗೆ ಕ್ಲಿಪ್ ಹಾಕಿದಳು. ಆಕ್ಸಿಜನ್ ಇಳಿದಿತ್ತು. ಸ್ಟೆತಸ್ಕೋಪ್ ಇಟ್ಟರೆ ಎದೆಯೊಳಗೆ ಗೊರಗೊರ. ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿ, ಮಾಸ್ಕ್ ಹಾಕಿ, ಊಟಕ್ಕೆ ಹೋಗಿದ್ದ ಡಾಕ್ಟರಿಗೆ ಫೋನ್ ಮಾಡಿದಳು. ಕಾಫಿಯ ಕತೆ ಹೊರಬಿದ್ದದ್ದು ಆಮೇಲೆ. ಎದೆಯಲ್ಲಿ ಸೋಂಕು ಶುರುವಾಗಿತ್ತು, ಜ್ವರ ಇನ್ನೂ ಏರಿರಲಿಲ್ಲ. "ಸಂಜೆಯವರೆಗೆ ಬಿಟ್ಟಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ" ಎಂದರು ಡಾಕ್ಟರು. ಅತ್ತೆ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಮಾವ ಗೆದ್ದು ಮನೆಗೆ ಬಂದರು. ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. "ಹೇಗಿದ್ದೀರಿ?" ಎಂದವರಿಗೆ "ನಿಮಗೆ ಹೇಗೆ ಬೇಕೋ ಹಾಗೆ" ಅನ್ನುತ್ತಾರೆ. ಮೊನ್ನೆ ಅತ್ತೆ ಒಳಗಿದ್ದಾಗ ಕೇಳಿದೆ: "ಮಾವಾ, ಅವತ್ತು ಯಾಕೆ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ರಿ?"

ಇದಕ್ಕೂ ಏನೋ ಒಂದು ಅಡ್ಡ ಮಾತು ಬರುತ್ತದೆಂದು ಕಾದೆ. ಮಾವ ಅಡುಗೆಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಉಸಿರು ಸಾಕಾಗ್ತಿರ್ಲಿಲ್ಲ ಮಾರಾಯ. ಇನ್ನು ನಾಲ್ಕೇ ಮಾತು ಅಂತ ಅನ್ನಿಸ್ತು. ಆ ಹುಡುಗಿ ಅವಳನ್ನ ತೋರ್ಸಿ ಯಾರು ಅಂತ ಕೇಳೇ ಕೇಳ್ತಾಳೆ. ಗೊತ್ತಿಲ್ಲ ಅಂತ ತಮಾಷೆ ಮಾಡಿ ಹಾಗೇ ಹೋಗಿಬಿಟ್ರೆ? ಅವಳು ಆಮೇಲೆ ಅದನ್ನೇ ನೆನೆಸ್ಕಂಡು ಕೂರ್ಬೇಕಲ್ಲ ಪಾಪ." ಮತ್ತೊಮ್ಮೆ ಬಾಗಿಲ ಕಡೆ ನೋಡಿ, "ಅವಳ ಹತ್ರ ಹೇಳ್ಬೇಡ. ಮತ್ತೆ ಅಳ್ತಾಳೆ" ಅಂದರು.

ನಾನು ಅತ್ತೆಗೆ ಹೇಳಿಲ್ಲ. ಆದರೆ ಅತ್ತೆ ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಈ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾರೆ. ಅದಕ್ಕೇ ಇದನ್ನು ಬರೆದೆ.