ಗುಂಯ್‌ಗುಡುವ ಆಂಪ್ಲಿಫೈಯರ್ ಮತ್ತು ತಜ್ಞರ ಅಭಿಪ್ರಾಯಗಳು

ಒಂದು ಯಂತ್ರ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದವನಿಗೆ ನಮ್ಮ ಸೀಮೆಯಲ್ಲಿ ಈ ಕೆಳಗಿನಂಥ ಪ್ರಸಂಗಗಳು ತಪ್ಪುವುದಿಲ್ಲ; ಯಂತ್ರ ಸರಿಹೋಗುವವರೆಗೂ ನಡೆಯುತ್ತವೆ, ಸರಿಹೋದ ಮೇಲೂ ನಡೆಯುತ್ತವೆ.

ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ ಮೂರು ವರ್ಷ ಕೆಲಸವಿಲ್ಲದೆ ಕಳೆದಿದ್ದೆ. ಆ ಅವಧಿಯಲ್ಲಿ, ಕೆಂಚಾರ್ಲಹಳ್ಳಿಯ ನಮ್ಮ ಮನೆಯ ಮುಂಗೋಣೆಯಲ್ಲಿ ಕುಳಿತು, ಹಳೆಯ ರೇಡಿಯೊಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳಿಂದ ಗಿಟಾರಿಗೊಂದು ಆಂಪ್ಲಿಫೈಯರ್ ಕಟ್ಟಿದೆ. ಗೌರಿಬಿದನೂರಿನ ಒಂದು ಖಾಸಗಿ ತಾಂತ್ರಿಕ ಕಾಲೇಜು ಪ್ರಯೋಗಾಲಯ ಬೋಧಕರ ಒಂದೇ ಒಂದು ಹುದ್ದೆಗೆ ಸಂದರ್ಶನ ಕರೆದಿತ್ತು. ಅಭ್ಯರ್ಥಿಯು ಸ್ವಂತ ಕೈಯಿಂದ ತಯಾರಿಸಿದ ಉಪಕರಣವೊಂದನ್ನು ತಂದು ತೋರಿಸತಕ್ಕದ್ದು ಎಂಬುದು ಷರತ್ತು. ತೋರಿಸಲು ನನ್ನ ಬಳಿ ಇದ್ದದ್ದು ಇದೊಂದೇ. ಇದೋ, ಗಿಟಾರ್ ಮುಟ್ಟದಿದ್ದರೂ, ವಾಲ್ಯೂಮನ್ನು ಸೊನ್ನೆಗಿಳಿಸಿದರೂ, ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಸಂದರ್ಶನಕ್ಕೆ ಮೂರು ವಾರ ಉಳಿದಿತ್ತು.

೧. ಆಳದ ಪ್ರಶ್ನೆ

ಆಂಪ್ಲಿಫೈಯರಿನ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಸುತ್ತಿಕೊಟ್ಟವರು ಚಿಂತಾಮಣಿಯಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಮೇಸ್ತ್ರಿ. ಮೂವತ್ತು ವರ್ಷದಿಂದ ಅದೇ ಕೆಲಸ; ಕೈ ಒಳ್ಳೆಯದು. ಮೊದಲು ಅವರ ಬಳಿಗೇ ಹೋದೆ.

"ಮೇಸ್ತ್ರಿ, ಗುಂಯ್ ಅಂತಿದೆ."

"ಸುಟ್ಟೋಯ್ತಾ?"

"ಇಲ್ಲ."

"ವಾಸನೆ ಬರ್ತಿದೆಯಾ?"

"ಇಲ್ಲ."

"ಮತ್ತೆ ಚೆನ್ನಾಗೇ ಇದೆಯಲ್ಲ ಬೇಟಾ!"

ಸದ್ದೇ ನನ್ನ ದೂರು ಎಂದು ಮೂರು ಬಾರಿ ವಿವರಿಸಿದೆ. ಅವರು ಗಂಭೀರವಾಗಿ ಯೋಚಿಸಿ, ತಮ್ಮ ವೃತ್ತಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು.

"ಎಷ್ಟು ಅಡಿಗೆ ಇಳಿಸಿದ್ದೀಯಾ?"

"ಇಳಿಸಿಲ್ಲ. ಮೇಜಿನ ಮೇಲಿದೆ."

"ಅದಕ್ಕೇ ಕೇಳಿಸ್ತಿದೆ. ಎಂಟುನೂರು ಅಡಿಗೆ ಬಿಟ್ಟು ನೋಡು. ನನ್ನ ಮೋಟಾರು ಸದ್ದು ಮಾಡ್ತು ಅಂತ ಇವತ್ತಿನವರೆಗೆ ಒಬ್ರೂ ಬಂದಿಲ್ಲ."

೨. ತ್ರೀ ಫೇಸ್

ನಮ್ಮ ಪಕ್ಕದ ಮನೆಯವರು ಹಿಪ್ಪುನೇರಳೆ ಬೆಳೆಯುವ ರೈತರು. ಮನೆಗೆ ದಿನವಿಡೀ ಕರೆಂಟ್ ಇರುತ್ತದೆ. ಪಂಪಿಗೆ ಬೇಕಾದ ತ್ರೀ ಫೇಸ್ ಮಾತ್ರ ತನಗೆ ತೋಚಿದಾಗ ಬರುತ್ತದೆ. ಬಂತೆಂಬುದಕ್ಕೆ ಗುರುತು, ಅವರ ಹಿತ್ತಲಿನ ಸ್ಟಾರ್ಟರ್ ಡಬ್ಬಿ ಗುಂಯ್ ಎನ್ನುವುದು. ನಾನು ಪರೀಕ್ಷೆಗಾಗಿ ಆಂಪ್ಲಿಫೈಯರ್ ಹಾಕಿದಾಗಲೆಲ್ಲ ಅವರು ಊಟದ ತಟ್ಟೆ ಬಿಟ್ಟು ತೋಟಕ್ಕೆ ನೀರು ತಿರುಗಿಸಲು ಓಡುತ್ತಿದ್ದರೆಂಬುದು ನನಗೆ ತಿಳಿದಿರಲಿಲ್ಲ. ಒಂದೇ ದಿನ ಮೂರು ಬಾರಿ ಓಡಿದರಂತೆ. ನಾಲ್ಕನೆಯ ಬಾರಿ ಸದ್ದಾದಾಗ, "ಆ ಹುಡುಗನದೇ" ಎಂದು ಚಾಪೆ ಹಾಸಿ ಮಲಗಿದರು. ಆ ಸಲ ಬಂದದ್ದು ನಿಜವಾದ ತ್ರೀ ಫೇಸ್.

ಸಂಜೆ ಬಾಗಿಲಿಗೆ ಬಂದು ನಿಂತರು.

"ಏಮಪ್ಪಾ ಎಂಜಿನಿಯರ್ರೇ, ಅದೇನು ಮಾಡ್ತಿದ್ದೀಯ ಒಳಗೆ?"

"ಸದ್ದು ನಿಲ್ಲಿಸೋಕೆ ನೋಡ್ತಿದ್ದೀನಿ."

"ಹದಿನೈದು ದಿನದಿಂದ ಕೇಳ್ತಿದ್ದೀನಿ ಕಣಪ್ಪ. ನಮ್ಮ ಕರೆಂಟಿನೋರು ಅದನ್ನ ಒಂದು ನಿಮಿಷದಲ್ಲಿ ನಿಲ್ಲಿಸ್ತಾರೆ. ಅವರತ್ರ ಹೋಗಿ ಕಲ್ತ್ಕೋ."

೩. ಮೂರನೆಯ ತೂತು

ಅರ್ಥಿಂಗ್ ಸರಿಯಿಲ್ಲದಿದ್ದರೆ ಸದ್ದು ಹೆಚ್ಚುತ್ತದೆ. ಗೋಡೆಯ ಸಾಕೆಟ್ಟಿನ ಮೂರನೆಯ ತೂತನ್ನು ಮೀಟರಿನಿಂದ ಅಳೆದೆ. ಅಲ್ಲಿ ಏನೂ ಇರಲಿಲ್ಲ. ಬಿಚ್ಚಿ ನೋಡಿದರೆ ಹಸಿರು ತಂತಿಯನ್ನು ಅಂದವಾಗಿ ಸುರುಳಿ ಸುತ್ತಿ, ಟೇಪು ಬಿಗಿದು, ಗೋಡೆಯೊಳಗೆ ಕೂರಿಸಲಾಗಿತ್ತು. ಮನೆಯ ಹದಿನೇಳು ಸಾಕೆಟ್ಟುಗಳಲ್ಲೂ ಅದೇ ಅಚ್ಚುಕಟ್ಟು. ವೈರಿಂಗ್ ಮಾಡಿದ್ದ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ.

"ಈ ತಂತಿ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಸಾರ್, ಭದ್ರವಾಗಿದೆ."

"ಇದು ಭೂಮಿಗೆ ಹೋಗಬೇಕು."

ಆತ ನನ್ನನ್ನು ಕನಿಕರದಿಂದ ನೋಡಿದ. "ಅಲ್ಲ ಸಾರ್, ನಿಮ್ಮಪ್ಪ ಕೇಳಿದ್ದು ಮೂರು ತೂತಿನ ಸಾಕೆಟ್ಟು. ಮೂರೂ ಇದೆ, ಎಣಿಸ್ಕೊಳ್ಳಿ."

ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ತಂತಿಯನ್ನು ನಾನೇ ಎಳೆದೆ. ಸದ್ದು ಅರ್ಧಕ್ಕಿಳಿಯಿತು. ಉಳಿದ ಅರ್ಧ ಕದಲಲಿಲ್ಲ.

೪. ಸೀಮೆಸುಣ್ಣದ ಅಲೆ

ಉಳಿದ ಸದ್ದಿನ ಆಕಾರವನ್ನು ಕಣ್ಣಾರೆ ನೋಡಿದರೆ ಕಾರಣ ಹೊಳೆಯುತ್ತದೆ. ಅದಕ್ಕೆ ಆಸಿಲೋಸ್ಕೋಪ್ ಬೇಕು. ನಾನು ಓದಿದ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಒಂದಿತ್ತು. ನಾಲ್ಕು ವರ್ಷ ಅದನ್ನು ನಾವು ಪ್ಲಾಸ್ಟಿಕ್ ಹೊದಿಕೆಯ ಮೂಲಕವೇ ಅಭ್ಯಾಸ ಮಾಡಿದ್ದೆವು. ವಿಭಾಗದ ಮುಖ್ಯಸ್ಥರ ಮುಂದೆ ನಿಂತು, ಹತ್ತು ನಿಮಿಷ ಬಳಸಲು ಅನುಮತಿ ಕೇಳಿದೆ.

"ಹೊದಿಕೆ ತೆಗೆಯೋಕಾಗಲ್ಲಪ್ಪ. ಇನ್‌ಸ್ಪೆಕ್ಷನ್‌ನೋರು ಬಂದಾಗ ಹೊಸದಾಗಿ ಕಾಣಬೇಕು."

"ಎಷ್ಟು ವರ್ಷದಿಂದ ಹೊಸದು ಸಾರ್?"

"ನಾನು ಸೇರಿದಾಗಿನಿಂದ."

ನಾನು ಹೊರಡಲಿಲ್ಲ. ಅವರಿಗೂ ಮುಜುಗರವಾಗಿರಬೇಕು. ಎದ್ದು ಬೋರ್ಡಿನ ಬಳಿ ಹೋಗಿ, ಸೀಮೆಸುಣ್ಣದಲ್ಲಿ ಅಂಕುಡೊಂಕಾದ ಗೆರೆಯೊಂದನ್ನು ಶ್ರದ್ಧೆಯಿಂದ ಎಳೆದು, ಕೈ ಒರೆಸಿಕೊಂಡರು.

"ನೋಡು, ನಿನ್ನ ಸದ್ದು ಹೆಚ್ಚು ಕಡಿಮೆ ಹೀಗಿರುತ್ತೆ. ಬೇಕಾದ್ರೆ ಫೋಟೋ ತಗೊಂಡು ಹೋಗು."

೫. ದಾಖಲೆ

ಸಂದರ್ಶನದ ಹಿಂದಿನ ದಿನ ಬೆಳಿಗ್ಗೆ ಕಾರಣ ಸಿಕ್ಕಿತು. ಕರೆಂಟನ್ನು ಒಳಗೆ ತರುವ ಟ್ರಾನ್ಸ್‌ಫಾರ್ಮರೂ ಸದ್ದನ್ನು ಸ್ಪೀಕರಿಗೆ ದಾಟಿಸುವ ಟ್ರಾನ್ಸ್‌ಫಾರ್ಮರೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಹೊಗುತ್ತಿತ್ತು. ಮೊದಲನೆಯದನ್ನು ಕಾಲು ಸುತ್ತು ತಿರುಗಿಸಿ ಬೋಲ್ಟ್ ಬಿಗಿದೆ. ಸದ್ದು ನಿಂತಿತು. ಆ ನಿಶ್ಶಬ್ದವನ್ನು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅವರಿಗೆ ಕೇಳಿಸುವಂಥದ್ದು ಏನೂ ಇರಲಿಲ್ಲ.

ಮರುದಿನ ಎರಡು ಬಸ್ಸು ಬದಲಿಸಿ, ಗಿಟಾರನ್ನು ಹೆಗಲಿಗೇರಿಸಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಗೌರಿಬಿದನೂರು ಸೇರಿದೆ. ಒಳಗೆ ಮೂವರು ಕುಳಿತಿದ್ದರು: ಪ್ರಾಂಶುಪಾಲರು, ಆಡಳಿತ ಮಂಡಳಿಯ ಕಾರ್ಯದರ್ಶಿ, ಮತ್ತು ವಿಷಯ ತಜ್ಞರು. ತಲೆಗೆ ಹತ್ತು ನಿಮಿಷ. ಆಂಪ್ಲಿಫೈಯರ್ ಹಾಕಿ, ಗಿಟಾರಿನ ಒಂದು ತಂತಿ ಮೀಟಿದೆ. ನಾದ ಸ್ವಚ್ಛವಾಗಿ ಹೊಮ್ಮಿ, ಸ್ವಚ್ಛವಾಗಿ ನಿಂತಿತು.

"ಇದರ ವಿಶೇಷ ಏನು?" ತಜ್ಞರು ಕೇಳಿದರು.

"ಗುಂಯ್ ಅನ್ನೋ ಸದ್ದಿಲ್ಲ ಸಾರ್. ಮೊದಲು ಇತ್ತು. ಕಾರಣ ಕಂಡುಹಿಡಿದು ನಿಲ್ಲಿಸಿದ್ದೇನೆ."

ಕಾರ್ಯದರ್ಶಿ ಪೆನ್ನು ಎತ್ತಿದರು. "ಮೊದಲು ಇತ್ತು ಅನ್ನೋದಕ್ಕೆ ದಾಖಲೆ?"

"ಮೊಬೈಲಲ್ಲಿ ರೆಕಾರ್ಡಿಂಗ್ ಇದೆ."

"ಅದು ಯಾವ ಪೆಟ್ಟಿಗೆದೋ. ನೋಡಿ, ಇದರಲ್ಲಿ ಸದ್ದಿಲ್ಲ, ಒಪ್ಪಿದೆ. ಅಲ್ಲಿರೋ ಬೀರುವಿನಲ್ಲೂ ಸದ್ದಿಲ್ಲ. ಅದನ್ನೂ ನೀವೇ ನಿಲ್ಲಿಸಿದ್ದು ಅಂತ ಬರ್ಕೊಳ್ಳಲಾ?"

ಪ್ರಾಂಶುಪಾಲರು ದಯಾಳು. "ಮೊದಲು ಹೇಗಿತ್ತು ಅಂತ ಒಂದ್ಸಲ ತೋರಿಸಿಬಿಡಪ್ಪ, ಮುಗೀತು" ಎಂದರು.

ಸ್ವಿಚ್ ಆರಿಸಿದೆ. ಒಳಗೆ ಮುನ್ನೂರು ವೋಲ್ಟ್ ಉಳಿದಿರುತ್ತದೆ. ಅದು ಇಳಿಯುವವರೆಗೆ ನಾಲ್ವರೂ ಕಾದೆವು. ಬೋಲ್ಟ್ ಸಡಿಲಿಸಿ, ಟ್ರಾನ್ಸ್‌ಫಾರ್ಮರನ್ನು ಹಳೆಯ ತಪ್ಪು ದಿಕ್ಕಿಗೆ ತಿರುಗಿಸಿ, ಮತ್ತೆ ಬಿಗಿದೆ. ವಾಲ್ವ್‌ಗಳು ಕಾಯಲು ಅರ್ಧ ನಿಮಿಷ. ಅನಂತರ ಕೋಣೆಯ ತುಂಬ ಗುಂಯ್.

"ಹೌದೌದು, ಬರ್ತಿದೆ!" ತಜ್ಞರ ಮುಖ ಮೊದಲ ಬಾರಿಗೆ ಅರಳಿತು. ಕಾರ್ಯದರ್ಶಿ ಬರೆದುಕೊಂಡರು.

"ಈಗ ನಿಲ್ಲಿಸಿ ತೋರಿಸ್ತೀನಿ ಸಾರ್" ಎಂದು ಸ್ಪ್ಯಾನರ್ ಎತ್ತಿಕೊಂಡೆ.

ಅಷ್ಟರಲ್ಲಿ ಅಟೆಂಡರ್ ಬಾಗಿಲು ತೆರೆದು ಮುಂದಿನ ಅಭ್ಯರ್ಥಿಯ ಹೆಸರು ಕೂಗಿದ. ಹತ್ತು ನಿಮಿಷ ಮುಗಿದಿತ್ತು. "ಆಯ್ತಪ್ಪ, ಕಣ್ಣಾರೆ ನೋಡಿದ್ವಲ್ಲ" ಎಂದರು ಪ್ರಾಂಶುಪಾಲರು.

ಹತ್ತು ದಿನದ ಮೇಲೆ ಪತ್ರ ಬಂತು. ಸಹಿ, ಮೊಹರು, ಎಲ್ಲವೂ ಕ್ರಮಬದ್ಧ: "ಅಭ್ಯರ್ಥಿಯ ಉಪಕರಣವು ಸಮಿತಿಯ ಸಮಕ್ಷಮದಲ್ಲಿ ಗುಂಯ್‌ಗುಟ್ಟಿದ್ದು, ಸದರಿ ಸದ್ದಿಗೆ ಅಭ್ಯರ್ಥಿಯೇ ಕಾರಣರೆಂಬುದು ಪ್ರಾತ್ಯಕ್ಷಿಕೆಯಿಂದ ದೃಢಪಟ್ಟಿರುತ್ತದೆ. ಆದ್ದರಿಂದ ಆಯ್ಕೆ ಮಾಡಲಾಗಿಲ್ಲ."