ನಮ್ಮತ್ತೆಯ ಸ್ಟ್ಯಾಂಡರ್ಡ್ ರೂಮು

ನಮ್ಮ ಸೋದರತ್ತೆ ಹೈವೇ ಪಕ್ಕದ ಐದು ಮಹಡಿ ಹೋಟೆಲೊಂದರ ಮೇಲೆ ಯುದ್ಧ ಸಾರಿ ಎರಡು ವರ್ಷವಾಯಿತು. ಪಾಪ, ಆ ಹೋಟೆಲಿನವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ!

ಸೋದರತ್ತೆ ಎಂದರೆ ನಮ್ಮಪ್ಪನ ಅಕ್ಕ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ಸಂಜೆ ಅದೇ ಮನೆಯಲ್ಲಿ ಊಟಕ್ಕೆ ಕೂರುವ ಧೈರ್ಯ ನನಗಿಲ್ಲ. ಈ ಅತ್ತೆ ಇರುವುದು ಹೊಂಗನೂರಿನಲ್ಲಿ. ನಾನು ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರು. ನಡುವೆ ಬಸ್ಸಿದೆ, ಫೋನಿದೆ. ಹಾಗಾಗಿ ನನಗೆ ನೆಮ್ಮದಿಯಿಲ್ಲ.

ಅತ್ತೆ ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವಳು. ಮನೆಯ ಪಕ್ಕಕ್ಕೆ ಉದ್ದನೆಯ ಹುಳು ಮನೆ. ಹಗಲೂ ಇರುಳೂ ಅದರೊಳಗೇ ಓಡಾಟ. ಮಂಡಿನೋವು ಬಂದು ಹಿಪ್ಪುನೇರಳೆ ಸೊಪ್ಪು ಹೊರುವುದು ಆಗದಾದಾಗ ಹುಳು ನಿಲ್ಲಿಸಿದಳು. ಹುಳು ನಿಂತಿತೇ ಹೊರತು ಅತ್ತೆ ನಿಲ್ಲಲಿಲ್ಲ. ಮೊದಲ ವಾರ ಮನೆಯ ಪಾತ್ರೆಗಳನ್ನೆಲ್ಲ ಮೂರು ಸಲ ತೊಳೆದಳು. ಎರಡನೆಯ ವಾರ ಪಕ್ಕದ ಮನೆಯ ಪಾತ್ರೆಗೆ ಕೈ ಹಾಕಿದಳು. ಮೂರನೆಯ ವಾರ ಮಾವ ನನಗೆ ಫೋನ್ ಮಾಡಿದರು. ಮಾವ ತಾವಾಗಿ ಫೋನ್ ಮಾಡುವುದೆಂದರೆ ಊರಿಗೆ ಏನೋ ಆಗಿದೆ ಎಂದೇ ಅರ್ಥ.

"ಒಸಿ ಬಂದೋಗವ್ವ. ನಿಮ್ಮತ್ತೆ ನನ್ನೂ ತೊಳ್ದ್ಬುಡ್ತಾಳೆ ಅನ್ನಂಗಾಗೈತೆ."

ಹೋದೆ. ಯೋಚಿಸಿ ಒಂದು ಉಪಾಯ ಹೇಳಿದೆ. ಹುಳು ಮನೆಗೆ ಮಂಚ ಹಾಕಿ, ಬಚ್ಚಲು ಕಟ್ಟಿಸಿ, ರಾಮನಗರದ ಬಂಡೆ ಹತ್ತಲು ಬೆಂಗಳೂರಿನಿಂದ ಬರುವವರಿಗೆ ಒಂದೆರಡು ದಿನಕ್ಕೆ ಕೊಡುವುದು.

"ಬಂಡೆ ಮ್ಯಾಗೆ ಏನೈತೆ ಅಂತ ಹತ್ತಾರು?" ಅಂದಳು ಅತ್ತೆ.

"ಏನೂ ಇಲ್ಲ ಅತ್ತೆ. ಹತ್ತುತ್ತಾರೆ, ಇಳೀತಾರೆ. ಅಷ್ಟೆ."

"ಇಳ್ದ್ ಮ್ಯಾಗೆ ಹೊಟ್ಟೆ ಹಸೀತದಲ್ಲ? ಕಳ್ಸು."

ಹೀಗೆ ಶುರುವಾಯಿತು. ಆ್ಯಪಿನಲ್ಲಿ ಫೋಟೋ ಹಾಕಿದವಳು ನಾನು, ಬುಕಿಂಗ್ ನೋಡುವವಳು ನಾನು, ಬಂದವರು ಇಂಗ್ಲಿಷಿನಲ್ಲಿ ಬರೆದುಹೋದದ್ದನ್ನು ಫೋನಿನಲ್ಲಿ ಕನ್ನಡ ಮಾಡಿ ಹೇಳುವವಳೂ ನಾನೇ. ಮೊದಲ ಅತಿಥಿಗಳು ಬರೆದದ್ದು ಇಷ್ಟು: ಊಟ ಅದ್ಭುತ, ಮನೆಯವರು ಪ್ರೀತಿಯ ಜನ, ಆದರೆ ರೂಮು ಹೈವೇಯ ಹೋಟೆಲಿನ ಸ್ಟ್ಯಾಂಡರ್ಡಿಗೆ ಇಲ್ಲ. ನಾಲ್ಕೂವರೆ ನಕ್ಷತ್ರ.

"ಒಟ್ಟು ಎಷ್ಟಕ್ಕೆ?"

"ಐದಕ್ಕೆ."

"ಮಿಕ್ಕ ಅರ್ಧ ಎಲ್ಲೋಯ್ತು?"

"ಅದೇ ಅತ್ತೆ, ಸ್ಟ್ಯಾಂಡರ್ಡು."

"ಅಂಗಂದ್ರೇನು?"

"ಮಟ್ಟ."

"ಯಾರ್ ಮಟ್ಟ?"

ನಾನು ಟೀಚರಾಗಿ ಹದಿನೆಂಟು ವರ್ಷವಾಗಿದೆ. ಇಂಥ ಪ್ರಶ್ನೆ ಯಾವ ಮಗುವೂ ಕೇಳಿರಲಿಲ್ಲ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟಳು: "ಇಂಗೆ ಫೋನಲ್ಲಿ ಆಗಾಕಿಲ್ಲ. ಆ ಹೋಟ್ಲಲ್ಲೇ ಒಂದಿನ ಇದ್ದು ನೋಡ್ಬೇಕು."

ಶತ್ರುವಿನ ಕೋಟೆಯೊಳಕ್ಕೆ ನಾವಿಬ್ಬರೂ ಹೋದದ್ದು ಒಂದು ಭಾನುವಾರದ ಮಧ್ಯಾಹ್ನ. ಅತ್ತೆಯ ಚೀಲದಲ್ಲಿ ಇದ್ದದ್ದು ಟೈಲರ್ ಟೇಪು, ನನ್ನ ಶಾಲೆಯದೇ ಒಂದು ನೋಟ್‌ಬುಕ್ಕು, ಮತ್ತು ಹೋಟೆಲಿನ ಊಟ ಹಿಡಿಸದಿದ್ದರೆ ಇರಲಿ ಎಂದು ಚಿತ್ರಾನ್ನ. ರೂಮಿನ ಬಾಗಿಲು ಹಾಕಿದ್ದೇ ತಡ, ಮಂಚ ಅಳೆದಳು. ಮಂಚಕ್ಕೂ ಗೋಡೆಗೂ ಇರುವ ಅಂತರ ಅಳೆದಳು. ಟವೆಲ್ಲನ್ನು ಮೂಸಿದಳು. ಆಮೇಲೆ ದಿಂಬುಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇಬ್ರು ಮಲ್ಗಕ್ಕೆ ಆರು ದಿಂಬು! ಮಿಕ್ಕ ನಾಕು ಯಾರ್ ತಲೆಗೆ?"

"ಅಲಂಕಾರಕ್ಕೆ ಅತ್ತೆ."

"ಬರ್ಕೋ. ಅಲಂಕಾರ, ನಾಕು."

ನನ್ನನ್ನು ಒಂದು ಕಡೆ ಕೂರಲು ಬಿಡಲಿಲ್ಲ. ಕುರ್ಚಿಯಲ್ಲಿ ಕೂತರೆ ಕುರ್ಚಿ ಅಳೆಯಬೇಕು, ಮಂಚದಲ್ಲಿ ಕೂತರೆ ಮಡಿಕೆ ಹಾಳಾಗುತ್ತದೆ. ಕೊನೆಗೆ ಕಿಟಕಿಯ ಹತ್ತಿರ ಬಕೆಟ್ಟಿನ ಥರ ನಿಂತುಕೊಂಡೆ. ಅತ್ತೆಗೆ ಬಿಡಿಸಲಾಗದೆ ಉಳಿದದ್ದು ಒಂದೇ ರಹಸ್ಯ: ಹಾಸಿಗೆಯ ಬಟ್ಟೆಯನ್ನು ಮೂಲೆಯಲ್ಲಿ ಲಕೋಟೆಯಂತೆ ಮಡಿಸುತ್ತಾರಲ್ಲ, ಅದು. ಬಿಚ್ಚಿ ನೋಡಿದಳು, ಮತ್ತೆ ಕಟ್ಟಲು ಬರಲಿಲ್ಲ. ಅಷ್ಟರಲ್ಲಿ ಬಾಗಿಲು ತಟ್ಟಿ ನೀರಿನ ಬಾಟಲಿ ಇಡಲು ಒಬ್ಬ ಹೆಂಗಸು ಬಂದಳು. ನಲವತ್ತೈದರ ಪ್ರಾಯ, ದೊಡ್ಡಆಲಹಳ್ಳಿ ಕಡೆಯವಳಂತೆ. ಅತ್ತೆ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ಇನ್ನೊಂದ್ ಕಿತ ತೋರ್ಸವ್ವ."

"ಅಯ್ಯೋ, ನಂಗಿನ್ನೂ ಒಂಬತ್ತು ರೂಮ್ ಅವೆ ಕಣಕ್ಕ!"

"ಅದ್ಕೇನು, ನಾನೂ ಬತ್ತೀನಿ, ನಡಿ."

ಹೋದಳು! ಆ ಮಹಡಿಯ ಒಂಬತ್ತು ರೂಮಿನ ಹಾಸಿಗೆಯನ್ನು ಇಬ್ಬರೂ ಸೇರಿ ಹಾಸಿ ಬಂದರು. ಐದನೆಯ ರೂಮಿನಿಂದ ಮುಂದಕ್ಕೆ ಮೂಲೆಗಳೆಲ್ಲ ಅತ್ತೆಯವೇ. ಚಿತ್ರಾನ್ನವನ್ನೂ ಇಬ್ಬರೂ ಸೇರಿಯೇ ತಿಂದರು. ಮಾರನೆಯ ದಿನ ನಾವು ಕೀಲಿ ಕೊಟ್ಟು ಹೊರಡುವಾಗ ರೂಮು ನೋಡಲು ಮೇಲಕ್ಕೆ ಹೋದ ಹೋಟೆಲಿನ ಹುಡುಗ ಗೊಂದಲದಿಂದ ಇಳಿದು ಬಂದ. ರಿಸೆಪ್ಷನ್ನಿನ ಹುಡುಗಿ ಬಹಳ ವಿನಯದಿಂದ ಕೇಳಿದಳು: "ಮೇಡಂ, ನೀವು ನಿಜವಾಗಲೂ ರೂಮಲ್ಲಿ ಇದ್ರಾ?"

ಅಲ್ಲಿಂದ ಶುರುವಾದದ್ದು ಮಾವನ ಕಷ್ಟ. ಹುಳು ಮನೆಗೆ ಬಿಳಿ ಹಾಸಿಗೆ ಬಂತು, ಕೆಟಲ್ ಬಂತು, ಅಲಂಕಾರಕ್ಕೆ ನಾಲ್ಕು ದಿಂಬು ಬಂದವು. ಬಂದದ್ದನ್ನೆಲ್ಲ ಪರೀಕ್ಷಿಸಲು ಒಬ್ಬ ಅತಿಥಿ ಬೇಕಲ್ಲ? ಮಾವನನ್ನು ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ, ಕೈಗೊಂದು ಬ್ಯಾಗ್ ಕೊಟ್ಟು ಗೇಟಿನಾಚೆ ನಿಲ್ಲಿಸಿದಳು. ತಾನು ಒಳಗಿನಿಂದ ಬಂದು "ಬನ್ನಿ ಸಾರ್, ದಾರಿ ಸಲೀಸಾಗಿತ್ತಾ?" ಅಂದಳು. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ಮಾವ, "ಯಾವ್ ದಾರಿನೇ?" ಅಂದರು.

ಹಾಸಿಗೆಯನ್ನು ಎಷ್ಟು ಬಿಗಿಯಾಗಿ ಸಿಕ್ಕಿಸಿದ್ದಳೆಂದರೆ ಮಾವನಿಗೆ ಹೊದಿಕೆಯೊಳಗೆ ಕಾಲು ತೂರಿಸಲು ಆಗಲಿಲ್ಲ. ಅದರ ಮೇಲೆಯೇ ಅಂಗಾತ ಮಲಗಿ ಸೂರು ನೋಡುತ್ತಿದ್ದರು. ಅತ್ತೆ ನೋಟ್‌ಬುಕ್ ಹಿಡಿದು ಬಂದಳು.

"ಏನಾದ್ರೂ ಕೊರತೆ ಹೇಳಿ ಸಾರ್."

"ಏನಿಲ್ಲ ಕಣಮ್ಮಿ. ಚೆಂದಾಗೈತೆ."

"ಚೆಂದಾಗೈತೆ ಅಂದ್ರೆ ಆಗಾಕಿಲ್ಲ. ಗೆಸ್ಟ್ ಅಂದ್ ಮ್ಯಾಗೆ ಒಂದ್ ಕೊರತೆ ಹೇಳ್ಲೇಬೇಕು."

ನಲವತ್ತು ವರ್ಷದ ಸಂಸಾರದಲ್ಲಿ ಮಾವನಿಗೆ ಇಂಥ ಅವಕಾಶ ಸಿಕ್ಕಿದ್ದು ಅದೇ ಮೊದಲು. ಒಂದು ಕ್ಷಣ ನಂಬದವರಂತೆ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಶುರುಮಾಡಿದರು. ಸಾರಿಗೆ ಉಪ್ಪು ಒಂದು ಹರಳು ಹೆಚ್ಚು. ಕಾಫಿ ಕೊಟ್ಟ ಮೇಲೆ ಕುಡಿದು ಮುಗಿಸುವ ತನಕ ಲೋಟಕ್ಕಾಗಿ ತಲೆಯ ಮೇಲೆ ನಿಲ್ಲಬಾರದು. ಪೇಪರ್ ಓದುತ್ತಿರುವಾಗ ಕೂತಿರುವ ಚಾಪೆ ಎಳೆಯಬಾರದು. ಟವೆಲ್ ಎಲ್ಲಿ ಅಂದರೆ "ಕಣ್ಣಿಲ್ವಾ" ಅನ್ನಬಾರದು... ನೋಟ್‌ಬುಕ್ಕಿನ ಎರಡು ಪುಟ ತುಂಬಿದ ಮೇಲೆ ಅತ್ತೆ ಪೆನ್ನು ಮುಚ್ಚಿದಳು.

"ರೂಮ್ ಖಾಲಿ ಮಾಡಿ ಸಾರ್," ಅಂದಳು.

ಬಾಗಿಲಿಗೆ ನೇತುಹಾಕುವ 'ತೊಂದರೆ ಕೊಡಬೇಡಿ' ಬೋರ್ಡಂತೂ ಅವಳಿಗೆ ಕಡು ಶಿಕ್ಷೆಯಾಯಿತು. ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರ ಹೇಳಿ, ಅರಗಿನ ಬಣ್ಣ ಹಚ್ಚಿಸಿ ಮಾಡಿಸಿದ ಚೆಂದದ ಬೋರ್ಡು ಅದು. ಮೊದಲು ನೇತುಹಾಕಿದವರು ಹೊಸದಾಗಿ ಮದುವೆಯಾದ ಒಂದು ಜೋಡಿ. ಬೆಳಿಗ್ಗೆ ಎಂಟಾಯಿತು, ಬಾಗಿಲು ತೆರೆಯಲಿಲ್ಲ. ಒಂಬತ್ತಾಯಿತು. ಅತ್ತೆ ಹುಳು ಮನೆಗೆ ಪ್ರದಕ್ಷಿಣೆ ಹಾಕತೊಡಗಿದಳು. ಹತ್ತಾಯಿತು. ನನಗೆ ಪಾಠದ ನಡುವೆ ನಾಲ್ಕು ಸಲ ಫೋನು!

"ಉಪಾಸ ಬಿದ್ದವೆ ಕಣವ್ವ. ನಿನ್ನೆ ರಾತ್ರಿ ಉಂಡಿದ್ದು!"

"ಬಾಗಿಲು ಮಾತ್ರ ತಟ್ಟಬೇಡ ಅತ್ತೆ, ದಮ್ಮಯ್ಯ."

ಹತ್ತೂವರೆಗೆ ಅವರಿಬ್ಬರೂ ಕಣ್ಣುಜ್ಜಿಕೊಂಡು ಹೊರಗೆ ಬಂದರಂತೆ. ನಾನು ಗದರಿದೆ: "ತಟ್ಟಿದೆ ಅಲ್ವಾ?"

"ದೇವ್ರಾಣೆ ತಟ್ಟಿಲ್ಲ. ಕಿಟ್ಕಿ ಕೆಳ್ಗೆ ಒಲೆ ಮಡಗಿ ಬೆಳ್ಳುಳ್ಳಿ ಒಗ್ಗರಣೆ ಹಾಕ್ದೆ. ಅಷ್ಟೆಯ."

ಆ ಜೋಡಿ ಐದು ನಕ್ಷತ್ರ ಕೊಟ್ಟಿತು. ಆದರೂ ಸರಾಸರಿಯಲ್ಲಿ ಅರ್ಧ ನಕ್ಷತ್ರ ಕಮ್ಮಿಯೇ ಉಳಿಯಿತು. ಅತ್ತೆ ಮಂಚ ತಿರುಗಿಸಿ ಹಾಕಿದಳು. ಪರದೆ ಬದಲಾಯಿಸಿದಳು. ಮತ್ತೆ ಮಂಚ ಮೊದಲಿದ್ದ ಕಡೆಗೇ ತಂದಳು. ಒಂದು ವಾರ ನಾನು ಹೋಗದಿದ್ದರೆ ರೂಮಿನ ಗುರುತೇ ಸಿಗುತ್ತಿರಲಿಲ್ಲ. "ಸಾಕು ಮಾಡು ಅತ್ತೆ, ಚೆನ್ನಾಗಿದೆ" ಅಂದರೆ, "ನಿಮ್ಮಾವನಂಗೇ ಮಾತಾಡ್ತೀಯ" ಎಂದು ನನ್ನನ್ನೂ ಅನರ್ಹಗೊಳಿಸಿದಳು.

ಹೀಗಿರುವಾಗ ಕಳೆದ ಬೇಸಗೆಯಲ್ಲಿ ಆ್ಯಪಿನವರಿಂದ ಒಂದು ಸಂದೇಶ ಬಂತು. ಬೆಂಗಳೂರಿನಿಂದ ಅವರ ಮನುಷ್ಯನೊಬ್ಬ ಬಂದು ರೂಮು ಪರೀಕ್ಷಿಸುತ್ತಾನೆ. ಪಾಸಾದರೆ ನಮ್ಮ ಹುಳು ಮನೆಯ ಹೆಸರಿನ ಮುಂದೆ 'ಹೋಟೆಲ್ ಮಟ್ಟದ ಮನೆ' ಎಂಬ ಗುರುತು ಬೀಳುತ್ತದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ. ಅತ್ತೆ ಆ ಸಂದೇಶವನ್ನು ನನ್ನಿಂದ ಏಳು ಸಲ ಓದಿಸಿದಳು. ಗೋಡೆಗೆ ಸುಣ್ಣವಾಯಿತು. ಕುರಿಗಳಿಗೆ ಸ್ನಾನವಾಯಿತು. ಕುರಿಗಳಿಗೇಕೆ ಎಂದು ಕೇಳುವ ಧೈರ್ಯ ಮಾವನಿಗಿರಲಿಲ್ಲ.

ಶುಕ್ರವಾರ ಖಾಲಿಯಾಗಬೇಕಿದ್ದ ರೂಮಿನಲ್ಲಿ ಒಬ್ಬರು ಇದ್ದರು. ಗುರುವಾರ ಬೆಂಗಳೂರಿನಿಂದ ಒಬ್ಬರೇ ಬಂದಿದ್ದ ಹೆಂಗಸು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಬಂಡೆ ಹತ್ತಲಿಲ್ಲ, ಗೊಂಬೆ ಕೊಳ್ಳಲಿಲ್ಲ, ರೂಮು ಬಿಟ್ಟು ಆಚೆಗೇ ಬರಲಿಲ್ಲ. ಶುಕ್ರವಾರ "ಇನ್ನೊಂದು ದಿನ ಇರಲಾ?" ಎಂದು ಕೇಳಿದರಂತೆ. ಅತ್ತೆ ಹೂಂ ಅಂದಳಂತೆ. "ಬೆಳಿಗ್ಗೆ ಒಂಬತ್ತಕ್ಕೆ ಎದ್ಬುಟ್ರೆ ಸಾಕು" ಎಂದಳಂತೆ.

ಶನಿವಾರ ಒಂಬತ್ತೂಮುಕ್ಕಾಲಿಗೆ ನಾನು ಬಸ್ಸಿಳಿದು ಹೋದಾಗ ಬಾಗಿಲಲ್ಲಿ ಬೋರ್ಡು ನೇತಾಡುತ್ತಿತ್ತು. ಅತ್ತೆ ಬಾಗಿಲ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು.

"ಎಬ್ಬಿಸು ಅತ್ತೆ! ಆತ ಬರೋ ಹೊತ್ತಾಯ್ತು!"

ಅತ್ತೆ ತುಟಿಯ ಮೇಲೆ ಬೆರಳಿಟ್ಟಳು. ನನ್ನ ಸೆರಗು ಹಿಡಿದು ಬಗ್ಗಿಸಿ, ಬಾಗಿಲಿಗೆ ಕಿವಿ ಹಚ್ಚಲು ಸನ್ನೆ ಮಾಡಿದಳು. ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು. ಭರ್ತಿ ಗೊರಕೆ.

"ಅವರಮ್ಮ ಒಂದೂವರೆ ವರ್ಸ ಹಾಸ್ಗೆ ಹಿಡ್ದಿತ್ತಂತೆ," ಎಂದು ಪಿಸುಗುಟ್ಟಿದಳು. "ಇವ್ಳೇ ಎಲ್ಲ ಮಾಡಿದ್ದು. ಎಲ್ಡು ಗಂಟೆಗೊಂದ್ ಕಿತ ಎದ್ದು ಮಗ್ಗುಲು ತಿರುಗ್ಸೋದು. ಹೋದ್ ತಿಂಗ್ಳು ತೀರ್ಕೊಂಡ್ರಂತೆ. ಈಗ್ಲೂ ಮನೇಲಿ ಎಲ್ಡು ಗಂಟೆಗೊಂದ್ ಕಿತ ಕರ್ದಂಗಾಗಿ ಎದ್ದು ಕುಂತ್ಬುಡ್ತಾಳಂತೆ. ನಿನ್ನೆ ಊಟ ಕೊಡಕ್ ಹೋದಾಗ ಹೇಳುದ್ಳು. ಈವತ್ತು ಬೆಳಗಿನ್ ಜಾವ ನಿದ್ದೆ ಹತ್ತೈತೆ ಕಣವ್ವ."

ಗೇಟಿನ ಹತ್ತಿರ ಕಾರು ನಿಂತಿತು. ಟ್ಯಾಬ್ ಹಿಡಿದ ಒಬ್ಬ ಇಳಿದ. ಅತ್ತೆ ಮಂಡಿನೋವು ಮರೆತು ಓಡಿದಳು. ಅವನು ಕೈಯೆತ್ತಿ "ಗುಡ್ ಮಾರ್ನಿಂಗ್ ಮೇಡಂ" ಅನ್ನುವುದಕ್ಕೂ ಬಿಡಲಿಲ್ಲ.

"ಮೆಲ್ಲಗೆ ಮಾತಾಡಪ್ಪ. ರೂಮ್ ತೋರ್ಸಕ್ ಆಗಾಕಿಲ್ಲ ಈವತ್ತು. ಒಳ್ಗೆ ಮಗ ಮಲ್ಗೈತೆ."

"ಮಗುನಾ? ಹತ್ತೇ ನಿಮಿಷ ಮೇಡಂ. ನಾಲ್ಕು ಫೋಟೋ..."

"ಆಗಾಕಿಲ್ಲ."

"ಇವತ್ತು ಬಿಟ್ಟರೆ ಈ ಕಡೆ ಮತ್ತೆ ಯಾವಾಗ ಬರ್ತೀವೋ ಹೇಳೋಕಾಗಲ್ಲ."

ಅಷ್ಟು ದಿನದ ಅಳತೆ, ಮಡಿಕೆ, ಸುಣ್ಣ ಎಲ್ಲ ಆ ಹುಡುಗನ ಟ್ಯಾಬಿನೊಳಗೆ ಮುಚ್ಚಿಹೋಗುವುದರಲ್ಲಿತ್ತು. ಅತ್ತೆ ಅವನಿಗೊಂದು ಚೊಂಬು ಮಜ್ಜಿಗೆ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ, "ಮತ್ತೆ ಬರ್ದಿದ್ರೂ ಪರವಾಗಿಲ್ಲ ಕಣಪ್ಪ. ಒಸಿ ಸದ್ದಾಗ್ದಂಗೆ ಗೇಟ್ ಹಾಕ್ಕೊಂಡ್ ಹೋಗು," ಅಂದಳು.

ಅವನು ಹೋದ. ಮಾವ ಬೀದಿಯ ತುದಿಯಲ್ಲಿ ನಿಂತು, ಗಡಗಡ ಸದ್ದು ಮಾಡಿಕೊಂಡು ಬಂದ ಟಿಲ್ಲರನ್ನೆಲ್ಲ ಕೆರೆಯ ದಾರಿಗೆ ತಿರುಗಿಸುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಮೂರು ಗಂಟೆಗೆ ಬಾಗಿಲು ತೆರೆಯಿತು. ಆಕೆ ಗಡಿಯಾರ ನೋಡಿ ಗಾಬರಿಯಾದರು. ಅತ್ತೆ ನೀರು ಕಾದಿದೆ ಎಂದಷ್ಟೇ ಹೇಳಿದಳು. ತಲೆಗೆ ನೀರು ಹಾಕಿಕೊಂಡು, ಎರಡು ಮುದ್ದೆ ಉಂಡು, ಒದ್ದೆ ಕೂದಲು ಹರಡಿಕೊಂಡು ಮೆಟ್ಟಿಲ ಮೇಲೆ ಕೂತರು. ಅತ್ತೆ ಒಳಗಿನಿಂದ ಬಾಚಣಿಗೆ ತಂದು, ಕೇಳದೆ, ಹೇಳದೆ, ಹಿಂದಿನ ಮೆಟ್ಟಿಲಲ್ಲಿ ಕೂತು ಸಿಕ್ಕು ಬಿಡಿಸತೊಡಗಿದಳು. ಆಕೆ ಮೊದಲು ಸಂಕೋಚದಿಂದ ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ತಲೆ ತಗ್ಗಿಸಿದರು. ಭುಜ ಅಲುಗುವುದು ಕಾಣುತ್ತಿತ್ತು. ಅತ್ತೆ ಅಳಬೇಡ ಅನ್ನಲಿಲ್ಲ. ಕೈಯೂ ನಿಲ್ಲಿಸಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ನನ್ನಮ್ಮ ಹೋದಳು. ಆ ವರ್ಷವೆಲ್ಲ ನಾನು ಇದ್ದದ್ದು ಈ ಮನೆಯಲ್ಲಿ. ಅತ್ತೆ ಹುಳುವಿಗೆ ಸೊಪ್ಪು ಹಾಕುವುದರ ನಡುವೆ ಹೇಗೋ ಬಿಡುವು ಮಾಡಿಕೊಂಡು, ದಿನಕ್ಕೆ ಎರಡು ಸಲ, ಇದೇ ಮೆಟ್ಟಿಲ ಮೇಲೆ ಕೂರಿಸಿ ನನ್ನ ತಲೆ ಬಾಚುತ್ತಿದ್ದಳು.

ನಾನು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಕೂತು, ಜಡೆ ಬಿಚ್ಚಿದೆ.

"ನಿಂಗೇನವ್ವ?" ಅಂದಳು ಅತ್ತೆ.

"ಅವರದು ಮುಗೀಲಿ," ಅಂದೆ. "ಕಾಯ್ತೀನಿ."